ತಳದ ಕಾಯಿ

ಕೇಳಿದ್ದಕ್ಕೆಲ್ಲ ಮರಗಳು ಉತ್ತರ ಕೊಡುತ್ತಿದ್ದ ಕಾಲವೊಂದಿತ್ತಂತೆ. ಆಗ ಒಬ್ಬ ಹೆಂಗಸು ಕೊಳೆಬಟ್ಟೆಯ ಗಂಟು ಹೊತ್ತು ಕಾಡಿನ ಅಂಚಿಗೆ ಹೋಗಿ, ಅಂಟುವಾಳದ ಮರದ ಮುಂದೆ ನಿಂತು, "ನನಗೊಂದು ಹಿಡಿ ನೊರೆ ಕೊಡು ತಾಯಿ" ಎಂದಳಂತೆ. ಮರ ಹೇಳಿತಂತೆ: "ನಾನು ಬಿಟ್ಟದ್ದು ನಿನ್ನದು, ಹಿಡಿದದ್ದು ನನ್ನದು. ಒಪ್ಪಿಗೆಯಿದ್ದರೆ ಕೂತುಕೋ." ಹೆಂಗಸು ಕೂತಳು. ಎಷ್ಟು ಹೊತ್ತು ಕೂತಳು ಎಂದು ನಾನು ಕೇಳಿದಾಗಲೆಲ್ಲ ಅಜ್ಜಿ, "ಅವಳ ತಲೆ ಮೇಲೆ ಹಕ್ಕಿ ಗೂಡು ಕಟ್ಟಿ, ಮೊಟ್ಟೆ ಇಟ್ಟು, ಆ ಮರಿಗೆ ಗಂಡು ಹುಡುಕೋವರೆಗೆ" ಎನ್ನುತ್ತಿದ್ದಳು.

ಇಷ್ಟು ಅಜ್ಜಿಯದು. ಮುಂದಿನದು ನಾನು ಕಣ್ಣಾರೆ ಕಂಡದ್ದು.

ನಮ್ಮ ಊರಿನ ಹಿಂದಿನ ಇಳಿಜಾರಿನ ತುಂಬ ಅಂಟುವಾಳದ ಮರಗಳು. ಬಿದ್ದ ಕಾಯಿ ಆಯಬೇಕು, ಮರದ ಮೇಲಿರುವುದಕ್ಕೆ ಕೈ ಹಾಕಬಾರದು ಎಂಬುದು ಊರಿನ ಕಟ್ಟಳೆ. ತಾನಾಗಿ ಬೀಳುವ ಹೊತ್ತಿಗೆ ಕಾಯಿ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಬಿಸಿಲಿಗೆ ಹರವಿ, ಒಣಗಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಕರಿಯ ಬೀಜ ಗಿಲಕಿಯ ಹಾಗೆ ಗಲಗಲ ಎನ್ನುತ್ತದೆ. ಆ ಸದ್ದು ಬಂದರೆ ಕಾಯಿ ಸರಿ ಎಂದು ಲೆಕ್ಕ. ಹೊಲದ ಕೆಲಸ ಮುಗಿದು ಕೈ ಖಾಲಿಯಾಗುವ ತಿಂಗಳುಗಳಲ್ಲಿ ನಮ್ಮ ಹೆಂಗಸರ ಕೈಗೆ ಸೇರುವುದು ಆ ಗಲಗಲ ಒಂದೇ. ಮೇಲ್ಮನೆಯ ಹುಡುಗಿಯ ಕನ್ನಡಕ, ಗುಡುಗಕ್ಕನ ಹೊಲಿಗೆ ಯಂತ್ರ, ನಮ್ಮ ಮಾಡಿನ ಹೊಸ ಹೆಂಚು, ಅಜ್ಜಿಯ ಕಣ್ಣಿನ ಪೊರೆ ತೆಗೆಸಿದ್ದು, ಎಲ್ಲವೂ ಒಂದು ಕೊಂಬೆ ಮುರಿಯದೆ ಇಳಿಜಾರಿನಿಂದ ಇಳಿದು ಬಂದದ್ದು. "ಮರ ಕಡಿದು ಮಾರೋನು ಒಂದೇ ಸಲ ಉಣ್ತಾನೆ, ನಾವು ಮೊಮ್ಮಕ್ಕಳ ಕಾಲಕ್ಕೂ ಉಣ್ತೀವಿ" ಎಂದು ಅತ್ತೆ ಹೇಳುವಳು.

ಅತ್ತೆ ಅಂದರೆ ಅಪ್ಪನ ಅಕ್ಕ. ಊರಿನ ಕಾಯಿಯೆಲ್ಲ ಬಂದು ಸೇರುವ ಗೋದಾಮಿನ ಬೀಗದಕೈ ಅವಳ ಸೊಂಟದಲ್ಲಿರುತ್ತದೆ, ಅದಕ್ಕೇ ಊರಿಗೆಲ್ಲ ಅವಳು ಕೀಲಿಯಮ್ಮ. ಮೊದಲು ಆ ಗೋದಾಮು ಒಬ್ಬ ದಲ್ಲಾಳಿಯ ಕೈಯಲ್ಲಿತ್ತು. ಬಾಯಿ ತೆರೆದರೆ ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ನಯ, ಹಾಗಾಗಿ ಅವನು ಬೆಣ್ಣೆಮಾವ. ಅವನ ಕಾಲದಲ್ಲಿ ಅವನು ಹೇಳಿದ್ದೇ ತೂಕ, ಕೊಟ್ಟದ್ದೇ ಬೆಲೆ. ಹೆಂಗಸರೆಲ್ಲ ಸೇರಿ ಗೋದಾಮನ್ನು ಬಾಡಿಗೆಗೆ ಹಿಡಿದು, ಪಟ್ಟಣದಲ್ಲಿ ಸಾಬೂನುಪುಡಿ ಮಾಡುವವಳಿಗೆ ನೇರವಾಗಿ ಮಾರತೊಡಗಿದ ಮೇಲೆ ಅವನು ಎದುರಿನ ಚಹದಂಗಡಿಯ ಬೆಂಚಿನ ಮೇಲೆ ಕೂತು ನಮ್ಮ ಬಾಗಿಲನ್ನೇ ನೋಡುತ್ತಿರುತ್ತಾನೆ, ಹಾಲಿನ ಪಾತ್ರೆಯ ಮುಂದೆ ಕೂತ ಬೆಕ್ಕಿನ ಹಾಗೆ.

ಗೋದಾಮಿನಲ್ಲಿ ನನ್ನದು ಮೂಟೆಯ ಬಾಯಿ ಹೊಲಿಯುವ ಕೆಲಸ. ಒಂದು ದಬ್ಬಣ, ಒಂದು ಉಂಡೆ ಹುರಿ, ತಲೆತುಂಬ ಅಜ್ಜಿಯ ಕತೆಗಳು. ಪ್ರತಿ ಮನೆಯವರೂ ತಮ್ಮ ಮೂಟೆಗೆ ತಮ್ಮದೇ ಬಣ್ಣದ ಬಟ್ಟೆಚೂರು ಕಟ್ಟಿ ತರುತ್ತಾರೆ. ನಮ್ಮದು ಹಳೆಯ ಪರದೆಯ ನೀಲಿ ಚೂರು. ಅತ್ತೆ ಮೇಲಿನಿಂದ ಒಂದು ಹಿಡಿ ಕಾಯಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, "ಸರಿ" ಎನ್ನುತ್ತಾಳೆ. ಅಷ್ಟೇ. ಮೂಟೆ ಮಗುಚಿ ತಳ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಒಂದು ಮನೆಯ ಮೂಟೆ ಮಗುಚುವುದೂ ಒಂದೇ, ಆ ಮನೆಯವರನ್ನು ಕಳ್ಳರೆನ್ನುವುದೂ ಒಂದೇ.

ಆ ವರ್ಷ ಲಾರಿಯೊಂದಿಗೆ ಸಾಬೂನಿನವಳೂ ಬಂದಳು. ಅವಳು ಮೇಲಿನ ಕಾಯಿಗೆ ಕೈ ಹಾಕಲಿಲ್ಲ. ಬಗ್ಗಿ ಮೂಟೆಯ ಬುಡ ಒತ್ತಿದಳು. ಅಂಗೈ ಒದ್ದೆಯಾಯಿತು. ಮೂಸಿ ನೋಡಿ ಮುಖ ಹಿಂಡಿದಳು.

"ತೂಕಕ್ಕೆ ನೀರು ಹೊಡೆದಿದಾರೆ" ಎಂದಳು.

"ನಮ್ಮಲ್ಲಿ ಅಂಥೋರು ಯಾರೂ ಇಲ್ರೀ" ಎಂದಳು ಅತ್ತೆ.

"ಹಾಗಾದ್ರೆ ಮೂಟೆ ತಾನೇ ಕೂತು ಅತ್ತಿತಾ?"

ಅವಳು ಇನ್ನೊಂದು ಮೂಟೆ ಒತ್ತಿದಳು, ಮತ್ತೊಂದು ಒತ್ತಿದಳು. ಎಲ್ಲದರ ಬುಡವೂ ಒದ್ದೆ, ಕೆಲವಕ್ಕೆ ಬೂಷ್ಟು. ಲಾರಿ ಖಾಲಿಯೇ ಹೋಗುವುದು ಎಂದಾಯಿತು. ಹತ್ತುವ ಮುಂಚೆ ಅವಳು ಚಹದಂಗಡಿಯ ಕಡೆ ಗದ್ದ ತಿರುಗಿಸಿದಳು. "ಮುಂದಿನ ತಿಂಗಳು ಲಾರಿ ಈ ಕಡೆ ಬರತ್ತೆ. ಅಷ್ಟರಲ್ಲಿ ಒಂದು ಲಾರಿ ತುಂಬ ಒಣಕಾಯಿ ಕೊಟ್ರೆ ಸರಿ. ಇಲ್ಲಾಂದ್ರೆ ನಾನು ಅವರ ಹತ್ರ ತಗೋತೀನಿ. ನನಗೂ ಕೆಲಸದೋರಿದಾರಮ್ಮ, ಕೋಪ ಮಾಡ್ಕೋಬೇಡಿ."

"ಕೊಡ್ತೀನಿ" ಎಂದಳು ಅತ್ತೆ. "ಒಂದು ಮೂಟೆ ಕಮ್ಮಿಯಾದ್ರೂ ಈ ಬೀಗದಕೈ ನಿಮ್ಮೆದುರಿಗೇ ಅವರ ಕೈಗೆ ಹಾಕ್ತೀನಿ."

ಬೀದಿಯಲ್ಲಿದ್ದವರೆಲ್ಲ ಆ ಮಾತು ಕೇಳಿಸಿಕೊಂಡರು. ಬೆಂಚಿನ ಮೇಲೆ ಬೆಣ್ಣೆಮಾವ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಂಡ.

ಆ ಸಂಜೆಯೇ ಹೆಂಗಸರು ಗೋದಾಮಿನಲ್ಲಿ ಸೇರಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಮೂಲೆಯಲ್ಲಿ ದಬ್ಬಣ ಹಿಡಿದು ಎಲ್ಲರ ಹೆಗಲನ್ನೇ ಕಾಯುತ್ತಿದ್ದೆ. "ಯಾರು ನೀರು ಹಾಕಿದ್ದು?" ಎಂದು ಅತ್ತೆ ಕೇಳಿದಾಗ ಯಾರೂ ಬೆಚ್ಚಲಿಲ್ಲ. "ಒಂದೊಂದೇ ಮೂಟೆ ಮಗುಚಿ ನೋಡೋಣ" ಎಂದಾಗ ಎಲ್ಲರೂ ಬೆಚ್ಚಿದರು. ಅದು ನನಗೆ ವಿಚಿತ್ರವಾಗಿ ಕಂಡಿತು. ಒಬ್ಬಳ ಕೈ ಹೆಗಲಿಗೆ ಹೋಗುವುದನ್ನು ಕಾಯುತ್ತಿದ್ದವಳಿಗೆ ಎಲ್ಲರ ಕೈಯೂ ಹೆಗಲ ಮೇಲೆ ಕಂಡರೆ ಯಾರನ್ನು ಹಿಡಿಯುವುದು?

"ಮಗುಚೋದು ಯಾಕೆ?" ಗುಡುಗಕ್ಕ ಎದ್ದು ನಿಂತಳು. ನಮ್ಮ ಪಕ್ಕದ ಮನೆಯವಳು. ಅವಳು ಪಿಸುಗುಟ್ಟಿದರೂ ಇಳಿಜಾರಿನಲ್ಲಿ ಹಕ್ಕಿ ಏಳುತ್ತದೆ. "ಬೀಗದಕೈ ನಿನ್ನ ಸೊಂಟದಲ್ಲಿದೆ ಕಣೇ ಕೀಲಿಯಮ್ಮ. ಒಳಗೆ ಹೋಗೋಳು ನೀನು, ಹೊರಗೆ ಬರೋಳು ನೀನು. ನೀರೇನು ನಡ್ಕೊಂಡು ಬಂತಾ?"

"ನಾನ್ಯಾಕೆ ಹಾಕ್ಲಿ? ನನಗೇನು ಸಿಗತ್ತೆ ಅದರಲ್ಲಿ?"

"ಅದನ್ನೇ ನಾನೂ ಯೋಚಿಸ್ತಾ ಇದೀನಿ" ಎಂದಳು ಗುಡುಗಕ್ಕ, ಆಗಲೇ ಯೋಚಿಸಿ ಮುಗಿಸಿದವಳ ಧ್ವನಿಯಲ್ಲಿ.

ಅಮ್ಮನಾದರೂ ಬಾಯಿ ಬಿಡುತ್ತಾಳೆಂದು ನಾನು ಅವಳ ಕಡೆ ನೋಡಿದೆ. ಅಮ್ಮ ನೆಲ ನೋಡುತ್ತಿದ್ದಳು. ಅಮ್ಮನಿಗೂ ಅತ್ತೆಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ಮನೆಯವಳನ್ನು ಹೊರಗಿನವರು ಕಳ್ಳಿ ಎನ್ನುವಾಗ ಸುಮ್ಮನೆ ಕೂರುವವಳಲ್ಲ ಅಮ್ಮ.

ಆಮೇಲಿನ ದಿನಗಳಲ್ಲಿ ನಮ್ಮ ಬೀದಿಯಲ್ಲಿ ನೀರಿಗೆ ಮರ್ಯಾದೆಯೇ ಹೋಯಿತು. ಕೊಡ ಹೊತ್ತು ಬಂದವಳನ್ನು ಬಾಗಿಲ ಸಂದಿಯಿಂದ ನೋಡುವುದು, ಅಂಗಳಕ್ಕೆ ನೀರು ಚಿಮುಕಿಸಿದರೆ "ಏನಮ್ಮ, ಅಭ್ಯಾಸಾನಾ?" ಎನ್ನುವುದು. ಮುಖ ತೊಳೆದವರು ಕೈ ಚೆನ್ನಾಗಿ ಒರೆಸಿಕೊಂಡೇ ಹೊರಗೆ ಕಾಲಿಡುತ್ತಿದ್ದರು. ಒದ್ದೆ ಮೊಣಕೈ ಕಂಡರೂ ಸಾಕಿತ್ತು.

ನನಗೆ ಮೊದಲ ಅನುಮಾನ ಬೆಣ್ಣೆಮಾವನ ಮೇಲೆ. ಗೋದಾಮು ಕೈ ಬದಲಾದರೆ ಲಾಭ ಅವನಿಗೇ. ಚಹದಂಗಡಿಗೆ ಹೋಗಿ ನೇರವಾಗಿ ಕೇಳಿಯೇಬಿಟ್ಟೆ.

"ನೀರಾ? ನನಗೆ ನೀರೇ ಆಗಲ್ಲ ಮಗಳೇ, ನಾನು ಕುಡಿಯೋದೇ ಚಹಾ" ಎಂದ ಅವನು. ಆಮೇಲೆ ಲೋಟದೊಳಗೆ ಇಣುಕುತ್ತ, "ನಾನೇನೂ ಹೇಳಲ್ಲಪ್ಪ. ಬೀಗ ಹಾಕಿರೋ ಕಡೆ ಕಳ್ಳ ಹೊರಗಿನಿಂದ ಬರ್ತಾನಾ, ಇಲ್ಲಾ ಒಳಗೇ ಇರ್ತಾನಾ? ನೀನು ಬುದ್ಧಿವಂತೆ, ನೀನೇ ಯೋಚನೆ ಮಾಡು" ಎಂದ.

ಬೆಣ್ಣೆಮಾವ ಯಾವತ್ತೂ ಸುಳ್ಳು ಹೇಳುವುದಿಲ್ಲ. ಬರೀ ಕೇಳುತ್ತಾನೆ. ಕೇಳಿದ್ದು ಕಿವಿಯೊಳಗೆ ಇರುವೆಯ ಹಾಗೆ ಓಡಾಡುತ್ತಿರುತ್ತದೆ.

ಅದೇ ಮಧ್ಯಾಹ್ನ ಅತ್ತೆ ಒಂದು ಬಕೆಟ್ ನೀರು ಹಿಡಿದು, ಹಿಂದೆ ಮುಂದೆ ನೋಡಿ, ಗೋದಾಮಿನ ಬಾಗಿಲು ತೆಗೆದು ಒಳಗೆ ಹೋದದ್ದನ್ನು ನಾನು ನೋಡಿದೆ. ಹೊರಗೆ ಬಂದಾಗ ಬಕೆಟ್ ಖಾಲಿ. ನನ್ನನ್ನು ಎತ್ತಿ ಆಡಿಸಿದವಳು, ಹುರಿಯ ಗಂಟು ಹಾಕಲು ಕಲಿಸಿದವಳು. ಏನು ಬಕೆಟ್ ಅತ್ತೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಅವಳು ಉತ್ತರ ಹೇಳುತ್ತಾಳೆ, ಆ ಉತ್ತರವನ್ನು ನಾನು ನಂಬದಿದ್ದರೆ?

ಸಂಜೆ ಒಲೆಯ ಮುಂದೆ ಕೂತು ಜರಡಿಯಲ್ಲಿ ಬೂದಿ ಸೋಸುತ್ತಿದ್ದೆ. ಅಜ್ಜಿಯ ಕತೆಗಳಲ್ಲಿ ಅಡಗಿದ ಕಳ್ಳನ ಹೆಜ್ಜೆ ಹಿಡಿದುಕೊಡುವುದು ಬೂದಿಯೇ.

"ಯಾರ ಮೇಲೆ ಅನುಮಾನ ಕೂಸೇ?" ಎಂದಳು ಅಜ್ಜಿ.

"ಹೇಳೋ ಹಾಗಿಲ್ಲ."

"ಹಾಗಾದ್ರೆ ನಮ್ಮ ಮನೇವರ ಮೇಲೇ" ಎಂದು ಅಜ್ಜಿ ಮಗ್ಗುಲಾದಳು. "ಬೂದಿ ತೆಳ್ಳಗೆ ಹರವು. ದಪ್ಪ ಹಾಕಿದ್ರೆ ಕಳ್ಳನಿಗೂ ಕಾಣತ್ತೆ."

ಅತ್ತೆ ಬೀಗ ಹಾಕುವ ಮುಂಚೆ, ಮೂಟೆ ಸರಿಸುವ ನೆಪದಲ್ಲಿ, ಬಾಗಿಲ ಹತ್ತಿರದ ಒಂದು ಹಲಗೆಯನ್ನು ಒಣಬಟ್ಟೆಯಿಂದ ಒರೆಸಿ ಒಂದು ಮೂಟೆಯನ್ನು ಅದರ ಮೇಲೆ ನಿಲ್ಲಿಸಿದೆ. ಕೈಗೆ ಸಿಕ್ಕಿದ್ದು ನೀಲಿ ಚೂರಿನದು, ನಮ್ಮದೇ. ಅತ್ತೆ ಬೀಗ ಹಾಕಿ ಮನೆ ಕಡೆ ತಿರುಗಿದ ಮೇಲೆ ಹೊಸ್ತಿಲಿನ ಮೇಲೆ, ಕಿಟಕಿಯ ಕೆಳಗೆ ಬೂದಿ ಹರವಿ ಬಂದೆ.

ಬೆಳಿಗ್ಗೆ ಅತ್ತೆಗಿಂತ ಮೊದಲೇ ಹೋಗಿ ನೋಡಿದೆ. ಬೂದಿಯ ಮೇಲೆ ಗುಬ್ಬಿಯ ಕಾಲು ಬಿಟ್ಟರೆ ಬೇರೆ ಗುರುತಿರಲಿಲ್ಲ. ಅತ್ತೆ ಬಂದು ಬೀಗ ತೆಗೆದಳು. ಹಲಗೆಯ ಮೇಲೆ, ಮೂಟೆಯ ಬುಡದ ಸುತ್ತ, ಕಪ್ಪಗೆ ಒದ್ದೆ ಹರಡಿತ್ತು.

ಒಂದು ಕ್ಷಣ ನನ್ನ ಕಣ್ಣಿಗೆ ಗೋಡೆಯ ಒಳಗಿನಿಂದ ಬರುವ, ಕಾಲೇ ಇಲ್ಲದ ನೀರಿನ ಹೆಂಗಸೊಬ್ಬಳು ಕಂಡಳು. ಆದರೆ ಮೂಟೆಯ ಮೇಲೆ ಕೈಯಿಟ್ಟಾಗ ಆ ಹೆಂಗಸು ಮಾಯವಾದಳು. ಮೂಟೆ ಬೆಚ್ಚಗಿತ್ತು. ಜ್ವರ ಬಂದವರ ಬೆನ್ನಿನ ಹಾಗೆ. ದಬ್ಬಣದಿಂದ ಬುಡದ ಮೂಲೆಯ ಹೊಲಿಗೆ ಸಡಿಲಿಸಿ ನಾಲ್ಕು ಕಾಯಿ ಹೊರಗೆಳೆದೆ. ಬಣ್ಣ ಕಂದು, ಸುಕ್ಕೂ ಇತ್ತು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಸದ್ದಿಲ್ಲ. ಒಂದನ್ನು ಒಡೆದೆ. ಒಳಗಿನ ಬೀಜ ಕಪ್ಪಾಗಿರಲಿಲ್ಲ; ಬೆಳ್ಳಗೆ, ಉಗುರು ಊರುವಷ್ಟು ಮೆತ್ತಗೆ ಇತ್ತು.

ಅತ್ತೆ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. "ನೀರಲ್ಲ ಇದು" ಎಂದಳು ಮೆಲ್ಲಗೆ. "ಹಸಿಕಾಯಿ. ಮರದಿಂದ ಕೆಡವಿ, ಮಾಳಿಗೆ ಮೇಲೆ ಬಾಡಿಸಿ, ತಳಕ್ಕೆ ತುಂಬಿದಾರೆ. ಒಳಗೇ ಬೆವರ್ತಾ ಇದೆ."

ಆಮೇಲೆ ಅವಳ ಕಣ್ಣು ನೀಲಿ ಚೂರಿನ ಮೇಲೆ ಹೋಯಿತು.

"ಹೊಲಿದುಬಿಡು" ಎಂದಳು.

"ಅತ್ತೆ, ಇದನ್ನ ತೋರಿಸಿದ್ರೆ ನಿನ್ನ ಮೇಲಿನ ಅಪವಾದ ಹೋಗತ್ತೆ."

"ಹೋಗತ್ತೆ. ತಮ್ಮನ ಹೆಂಡತೀನ ಬೀದಿಗೆಳೆದು ಬೀಗದಕೈ ಉಳಿಸ್ಕೊಂಡ್ಲು ಅಂತ ಇನ್ನೊಂದು ಬರತ್ತೆ. ನಿಮ್ಮಪ್ಪ ರಸ್ತೆ ಕೆಲಸ ಮುಗಿಸ್ಕೊಂಡು ಬಂದು ಯಾರ ಮುಖ ನೋಡ್ಬೇಕು? ಹೊಲಿ."

ಹೊಲಿದೆ. ಹೊಲಿಯುತ್ತ, "ನಿನ್ನೆ ಬಕೆಟ್?" ಎಂದೆ.

"ನೆಲವೆಲ್ಲ ಅಂಟಂಟಾಗಿತ್ತು. ಉಜ್ಜಿದೆ. ಯಾರಾದ್ರೂ ನೋಡಿದ್ರೆ ನೀರು ತಂದ್ಲು ಅಂತಾರೆ ಅಂತ ಕದ್ದು ಉಜ್ಜಿದೆ." ಅವಳು ನನ್ನ ಮುಖ ನೋಡಿದಳು. "ನೀನೂ ನೋಡಿದ್ಯಾ?"

ನಾನು ಹುರಿಯನ್ನು ಹಲ್ಲಿನಿಂದ ಕಡಿದೆ. ಬಾಯೆಲ್ಲ ಕಹಿಯಾಯಿತು.

ಅಮ್ಮ ಮಾಳಿಗೆಯ ಮೇಲೆ ಚಾಪೆ ಕೊಡವುತ್ತಿದ್ದಳು. ಬೆಳ್ಳನೆಯ ಬೀಜವನ್ನು ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ನೋಡಲೂ ಇಲ್ಲ. ಬೆರಳಿಗೆ ತಾಗಿದ್ದರಲ್ಲೇ ಗೊತ್ತಾಗಿತ್ತು.

"ನಾನೊಬ್ಬಳೇನಾ?" ಎಂದಳು. "ಪಕ್ಕದ ಮನೆಯವಳ ಗಂಡ ದೋಟಿ ಹಿಡ್ಕೊಂಡು ಇಳಿಜಾರು ಹತ್ತಿದ್ದನ್ನ ಈ ಕಣ್ಣಲ್ಲೇ ನೋಡಿದೀನಿ. ಬೀಳೋವರೆಗೆ ಕೈ ಕಟ್ಕೊಂಡು ಕೂತಿದ್ರೆ ನಮಗೇನು ಉಳೀತಿತ್ತು, ಎಲೇನಾ? ಸ್ವಲ್ಪ ಕೆಡವಿದೆ. ತಳದಲ್ಲಿ ಒಂದು ಮೊರ ಅಷ್ಟೇ. ಊರಿನ ರಾಶೀಲಿ ನಮ್ಮ ಒಂದು ಮೊರ ಯಾರಿಗೆ ಗೊತ್ತಾಗತ್ತೆ?"

ದೋಟಿ ಅಂದರೆ ತುದಿಗೆ ಕೊಕ್ಕೆ ಕಟ್ಟಿದ ಉದ್ದನೆಯ ಗಳ. ಕಾಯಿ ಕೀಳುವುದಕ್ಕಲ್ಲದೆ ಅದನ್ನು ಇನ್ನಾವುದಕ್ಕೂ ಹಿಡಿಯುವುದಿಲ್ಲ.

"ಅತ್ತೆಗೆ ಗೊತ್ತಾಗಿದೆ. ನಮ್ಮ ಮೂಟೆ ಅಂತ ನೋಡಿ, ಹೊಲಿದುಬಿಡು ಅಂದ್ಲು" ಎಂದೆ.

ಅಮ್ಮ ಚಾಪೆ ಕೊಡವುವುದನ್ನು ನಿಲ್ಲಿಸಿದಳು. ಆಮೇಲೆ ಕೊಡವಿದ ಚಾಪೆಯನ್ನೇ ಮತ್ತೆ ಕೊಡವತೊಡಗಿದಳು.

ನಾನು ಪಕ್ಕದ ಮನೆಗೆ ಹೋದೆ. ನೋಡಿದ್ದನ್ನು ಹೇಳುತ್ತಿದ್ದಂತೆ ಗುಡುಗಕ್ಕನ ಧ್ವನಿ ಮೊದಲ ಸಲ ತಗ್ಗಿತು. "ನಾವೇನು ಮೊದಲಲ್ಲಮ್ಮ. ಮೇಲ್ಮನೆಯೋರು ಶುರು ಮಾಡಿದ್ದಕ್ಕೆ ತಾನೇ ನಾವು ಹೋಗಿದ್ದು?" ಮೇಲ್ಮನೆಯಲ್ಲಿ ಕನ್ನಡಕದ ಹುಡುಗಿಯ ತಾಯಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಬೆಣ್ಣೆಮಾವ ಬಂದು ಕೇಳಿದ್ರು. ಕೀಲಿಯಮ್ಮನೇ ದೋಟಿ ಹೊತ್ಕೊಂಡು ಹೋದ ಹಾಗಿತ್ತಲ್ಲ, ನೀವಿನ್ನೂ ಕಾಯ್ತಾ ಕೂತಿದೀರಾ ಅಂತ. ಕಾಯೋಕೆ ಹಾಕಿದ ಬೇಲೀನೇ ಹೊಲ ಮೇಯ್ದ ಮೇಲೆ ನಾವ್ಯಾಕೆ ಸುಮ್ಮನಿರಬೇಕು?"

ಮತ್ತೆ ಅತ್ತೆಯ ಹತ್ತಿರಕ್ಕೇ ಬಂದು ನಿಂತೆ. ಆ ಸಲ ಕೇಳಲು ಹಿಂಜರಿಯಲಿಲ್ಲ.

"ದೋಟೀನಾ?" ಅತ್ತೆ ಹುಬ್ಬು ಗಂಟಿಕ್ಕಿದಳು. "ಗೋದಾಮಿನ ಮಾಡಿನ ಮೇಲೆ ಎಲೆ ಕೊಳೀತಾ ಬಿದ್ದಿತ್ತು. ಎಳೆಯೋಕೆ ಅಂತ ಒಂದು ಗಳ ಕಡ್ಕೊಂಡು ಬಂದಿದ್ದೆ. ಹಿಂದುಗಡೆ ಬಿದ್ದಿದೆ, ನೋಡು ಹೋಗು."

ಹೋಗಿ ನೋಡಿದೆ. ಗಳದ ತುದಿಯಲ್ಲಿ ಕೊಕ್ಕೆಯಿರಲಿಲ್ಲ. ಕಟ್ಟಿದ್ದ ಗುರುತೂ ಇರಲಿಲ್ಲ. ಕೊಳೆತ ಎಲೆ ಮಾತ್ರ ಒಣಗಿ ಅಂಟಿಕೊಂಡಿತ್ತು.

ಇದನ್ನು ಯಾರಿಗೆ ಹೇಳುವುದು? ಅತ್ತೆಯ ಗಳದ ಕತೆ ಹೇಳಿದರೆ, "ಸೋದರ ಸೊಸೆ ಇನ್ನೇನು ಹೇಳ್ತಾಳೆ" ಎನ್ನುತ್ತಾರೆ. ಹಸಿಕಾಯಿಯ ಕತೆ ಹೇಳಿದರೆ ಅಮ್ಮನ ಹೆಸರು ಮೊದಲು ಬರುತ್ತದೆ. ಮಿಕ್ಕವರು ತಮ್ಮ ಮೂಟೆಯ ಮೇಲೆ ಕೂತು ಅಮ್ಮನನ್ನು ಬೈಯುತ್ತಾರೆ. ನಾನು ಒಳಗೊಳಗೇ ಬೇಯುತ್ತಿರುವಾಗಲೇ ಗುಡುಗಕ್ಕ ಸಭೆ ಕರೆದಳು. ತನ್ನ ಮೂಟೆಯ ತಳ ಬಯಲಾಗುವ ಮುಂಚೆ ಬೀಗದಕೈಯ ವಿಷಯ ಮುಗಿಸಿಬಿಡಬೇಕೆಂಬ ಆತುರ ಅವಳ ಮುಖದಲ್ಲೇ ಇತ್ತು.

"ಲಾರಿ ಬರೋವರೆಗೆ ಕಾಯೋದ್ಯಾಕೆ? ಬೀಗದಕೈ ಈಗಲೇ ಇಟ್ಟುಬಿಡು ಕೀಲಿಯಮ್ಮ. ಮುಂದೆ ಯಾರು ನೋಡ್ಕೋಬೇಕು ಅನ್ನೋದನ್ನ ಆಮೇಲೆ ನೋಡೋಣ."

ಬೆಣ್ಣೆಮಾವ ಬಾಗಿಲಿಗೆ ಒರಗಿ ನಿಂತಿದ್ದ. "ಅವರಿಗೂ ವಯಸ್ಸಾಯ್ತಲ್ವಾ?" ಎಂದು ಕೇಳಿದ, ಯಾರನ್ನೂ ಉದ್ದೇಶಿಸದೆ.

ಅತ್ತೆ ಸೊಂಟದ ಹುರಿಯ ಗಂಟಿಗೆ ಕೈ ಹಾಕಿದಳು. ಗಂಟು ಬಿಗಿಯಾಗಿತ್ತು. ಬಿಡಿಸುತ್ತ ಕೂತಳು.

ಆಗ ಅಮ್ಮ ಎದ್ದಳು. ನನ್ನ ಕೈಯಿಂದ ದಬ್ಬಣ ಕಿತ್ತುಕೊಂಡಳು. ನೀಲಿ ಚೂರಿನ ಮೂಟೆಯ ಬಾಯಿಯ ಹೊಲಿಗೆಯನ್ನು ಸರ್ರನೆ ಹರಿದು, ಎರಡೂ ಕೈಯಿಂದ ಮೂಟೆಯನ್ನು ಅಪ್ಪಿ, ತಲೆಕೆಳಗು ಮಾಡಿದಳು. ಮೊದಲು ಜೇನುಬಣ್ಣದ ಕಾಯಿ ಗಲಗಲ ಎಂದು ಉರುಳಿದವು. ಆಮೇಲೆ ತಳದ್ದು ಬಂತು, ಒಂದೇ ಮುದ್ದೆಯಾಗಿ, ಬೂಷ್ಟಿನ ಗಡ್ಡದೊಂದಿಗೆ, ಸದ್ದಿಲ್ಲದೆ.

"ಇದು ನಂದು" ಎಂದಳು ಅಮ್ಮ. "ಅತ್ತಿಗೆ ನೀರು ಹಾಕಿಲ್ಲ. ನಾನು ಹಸಿಕಾಯಿ ಹಾಕಿದೀನಿ. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರು."

ನಾನು ಕಾಯುತ್ತಿದ್ದೆ, ಈಗ ಬೈಗುಳ ಬೀಳುತ್ತದೆ, ಎಲ್ಲರೂ ಅಮ್ಮನ ಮೇಲೆ ಎರಗುತ್ತಾರೆ. ಗುಡುಗಕ್ಕ ಆ ಮುದ್ದೆಯನ್ನೇ ದಿಟ್ಟಿಸುತ್ತಿದ್ದಳು.

"ಆ ದಬ್ಬಣ ಇಲ್ಲಿ ಕೊಡು" ಎಂದಳು ಕೊನೆಗೆ. "ನಂದೂ ಸುರೀತೀನಿ. ನಿನ್ನದು ಒಂದು ಮೊರ. ನಂದು ಅರ್ಧ ಮೂಟೆ ಇದೆ ಕಣೇ."

ಆಮೇಲೆ ದಬ್ಬಣ ಕೈಯಿಂದ ಕೈಗೆ ಹೋಯಿತು. ಕೆಂಪು ಚೂರು, ಹಳದಿ ಚೂರು, ಗೀಟಿನ ಚೂರು, ಒಂದರ ಹಿಂದೊಂದು ಮೂಟೆ ಮಗುಚಿದವು. ಮೂಗು ಮುಚ್ಚಿಕೊಂಡರೂ ತಡೆಯಲಾಗದ ಹುಳಿ ವಾಸನೆ. ನೆಲದ ತುಂಬ ಅಂಟು.

"ಹಾಗಾದ್ರೆ ನೀರು ಹಾಕ್ದೋರು ಯಾರು?" ಎಂದಳು ಮೇಲ್ಮನೆಯವಳು, ಇನ್ನೂ ನಂಬಲಾಗದೆ.

"ಯಾರೂ ಇಲ್ಲ" ಎಂದಳು ಅಜ್ಜಿ. ಅವಳು ಯಾವಾಗ ಬಂದು ಮೂಟೆಗೆ ಒರಗಿ ಕೂತಿದ್ದಳೋ. "ಒಬ್ಬಳ ಮೇಲೆ ಒಬ್ಬಳಿಗೆ ಅನುಮಾನ ಬಂತು, ಕಾಯಿಗೆ ಬೆವರು ಬಂತು."

"ನನ್ನನ್ನ ಯಾಕೆ ಹಾಗೆ ನೋಡ್ತೀರಿ?" ಎಂದ ಬಾಗಿಲಲ್ಲಿದ್ದ ಬೆಣ್ಣೆಮಾವ. ಯಾರೂ ಅವನನ್ನು ನೋಡುತ್ತಿರಲಿಲ್ಲ. ಆಮೇಲೆ ಎಲ್ಲರೂ ನೋಡಿದರು. ಅವನು ಚಹಾ ಆರುತ್ತದೆಂದು ಹೊರಟುಹೋದ.

ಆದರೆ ಲಾರಿ ತುಂಬಬೇಕಲ್ಲ. ಒಳ್ಳೆಯ ಕಾಯಿ ಆರಿಸಿ ಗುಡ್ಡೆ ಹಾಕಿದರೆ ಲಾರಿಯ ಮೂಲೆಗೂ ಸಾಲದು. ದೋಟಿ ನಿಲುಕದ ನೆತ್ತಿಯ ಕೊಂಬೆಗಳಲ್ಲಿ ಮಾತ್ರ ಕಾಯಿ ಉಳಿದಿತ್ತು, ಆಗಷ್ಟೇ ಬಣ್ಣಕ್ಕೆ ತಿರುಗುತ್ತಿತ್ತು. ಅದು ತಾನಾಗಿ ಬೀಳುವವರೆಗೆ ಕಾಯಬೇಕು.

"ನಾನು ಕಾಯ್ತೀನಿ" ಎಂದಳು ಗುಡುಗಕ್ಕ. "ಇವಳು ಕಾಯ್ತಾಳೆ ಅಂತ ಏನು ಗ್ಯಾರಂಟಿ?"

"ನಾನು ಕಾಯ್ತೀನಿ, ನಿನ್ನ ಗಂಡ ಕಾಯ್ತಾನಾ?" ಎಂದಳು ಅಮ್ಮ.

"ನಂಬಬೇಡಿ" ಎಂದಳು ಅಜ್ಜಿ. "ಯಾರು ನಂಬಿ ಅಂದ್ರು ನಿಮಗೆ? ದೋಟಿಗಳನ್ನೆಲ್ಲ ತಂದು ಇಲ್ಲಿ ಹಾಕಿ ಬೀಗ ಜಡೀರಿ. ಆಮೇಲೆ ಎಲ್ಲರೂ ಮರದ ಬುಡಕ್ಕೇ ಹೋಗಿ ಕೂತ್ಕೊಳ್ಳಿ. ಒಬ್ಬಳ ಮೇಲೆ ಒಬ್ಬಳು ಕಣ್ಣಿಟ್ಕೊಂಡು. ನಂಬಿಕೆ ಇಲ್ದೆ ಇದ್ರೂ ಕಣ್ಣಿದೆಯಲ್ಲ."

ಹಾಗೆ ನಮ್ಮ ಊರಿನ ಹೆಂಗಸರೆಲ್ಲ ಇಳಿಜಾರಿನಲ್ಲಿ ಕೂತರು. ಹರಿದ ಬಟ್ಟೆ ತಂದು ಹೊಲಿದರು, ಸೊಪ್ಪು ಬಿಡಿಸಿದರು, ಮಕ್ಕಳ ತಲೆ ಬಾಚಿದರು. ಕಣ್ಣು ಮಾತ್ರ ಪಕ್ಕದವಳ ಕೈಮೇಲೆ. ಯಾರಾದರೂ ಪೊದೆಯ ಮರೆಗೆ ಎದ್ದು ಹೋದರೂ "ಎಲ್ಲಿಗೆ?" ಎಂಬ ಕೂಗು. ಗುಡುಗಕ್ಕ ಅಮ್ಮನನ್ನು ನೋಡುತ್ತಿದ್ದಳು, ಅಮ್ಮ ಮೇಲ್ಮನೆಯವಳನ್ನು, ಮೇಲ್ಮನೆಯವಳು ಅತ್ತೆಯನ್ನು. ನಾನು ಮೇಲೆ ನೋಡುತ್ತಿದ್ದೆ. ಗಾಳಿ ಬೀಸಿದಾಗ ಮರ ಒಂದೆರಡು ಕಾಯಿ ಬಿಡುತ್ತಿತ್ತು. ಟಪ್ ಎಂದಾಗ ಎಲ್ಲರ ತಲೆಯೂ ಒಟ್ಟಿಗೆ ಅತ್ತ ತಿರುಗುತ್ತಿತ್ತು.

ಒಂದು ಮಧ್ಯಾಹ್ನ ಬೆಣ್ಣೆಮಾವ ಏದುಸಿರು ಬಿಡುತ್ತ ಹತ್ತಿ ಬಂದ. "ಆಚೆ ಕಡೆ ಮರದ ಹತ್ರ ಯಾರೋ ಇದ್ದ ಹಾಗಿತ್ತಲ್ಲ?" ಎಂದು ಕೇಳಿದ.

"ಯಾರು ಇದ್ದಿದ್ದು?" ಎಂದಳು ಗುಡುಗಕ್ಕ. "ನಾವೆಲ್ಲ ಇಲ್ಲೇ ಇದೀವಿ, ಮುಖ ನೋಡಿ ಹೇಳಿ. ಆಚೆ ಇರೋದು ನಿಮ್ಮ ಬಾಯಿ ಒಂದೇ."

ಇಳಿಜಾರಿನ ತುಂಬ ನಗು ಉರುಳಿತು. ಅನುಮಾನ ಕರಗಿತು ಎಂದಲ್ಲ. ನಗುತ್ತಲೇ ಅವರು ಮತ್ತೆ ಒಬ್ಬರ ಕೈಯನ್ನೊಬ್ಬರು ನೋಡಿಕೊಂಡರು.

ಆಮೇಲೆ ಕಾಯಿ ಸುರಿಯತೊಡಗಿತು. ಸಂಜೆಗೆ ಆಯ್ದದ್ದನ್ನು ಗೋದಾಮಿನ ಮುಂದಿನ ಅಂಗಳದಲ್ಲಿ ಎಲ್ಲರದನ್ನೂ ಒಟ್ಟಿಗೆ ಹರವಿದೆವು. ಬಟ್ಟೆಚೂರು ಕಟ್ಟಲಿಲ್ಲ. ಚೆನ್ನಾಗಿ ಒಣಗಿದ ಮೇಲೆ ಮೂಟೆಗೆ ತುಂಬುವಾಗ ಅತ್ತೆ ಒಂದು ಕಡೆ ಹಿಡಿದರೆ ಅಮ್ಮ ಇನ್ನೊಂದು ಕಡೆ. ಅವರು ಹೆಚ್ಚು ಮಾತಾಡಲಿಲ್ಲ. "ಸ್ವಲ್ಪ ಎತ್ತು" ಎಂದು ಇವಳು, "ಎತ್ತಿದೀನಲ್ಲ ಅತ್ತಿಗೆ" ಎಂದು ಅವಳು. ಬೂಷ್ಟು ಹಿಡಿದ ಕಾಯಿಯನ್ನು ಊರವರೆಲ್ಲ ಹಂಚಿಕೊಂಡು ಬಟ್ಟೆ ಒಗೆಯಲು ಬಳಸಿದರು. ಅಷ್ಟು ಬೆಳ್ಳಗಿನ ಬಟ್ಟೆ ತೊಟ್ಟು ಅಷ್ಟು ಅನುಮಾನದಿಂದ ಓಡಾಡುವ ಜನವನ್ನು ನಾನು ಇನ್ನೆಲ್ಲೂ ಕಾಣೆ.

ಲಾರಿ ಬಂದಿತು. ಸಾಬೂನಿನವಳು ಇಳಿದವಳೇ, "ತಳದಿಂದ ತೆಗೀರಿ" ಎಂದಳು. ಅತ್ತೆ ಒಂದು ಮೂಟೆಯನ್ನು ಅವಳ ಕಾಲ ಬುಡದಲ್ಲೇ ಮಗುಚಿದಳು. ಕೊನೆಯ ಕಾಯಿಯವರೆಗೂ ಗಲಗಲ. ಅವಳು ಇನ್ನೊಂದನ್ನು ತಾನೇ ಆರಿಸಿ ಮಗುಚಿದಳು. ಅದೂ ಹಾಗೇ. ಕಾಯಿಯೊಂದನ್ನು ಒಡೆದು ಕರಿಯ ಬೀಜ ನೋಡಿ, "ಹತ್ತಿಸಿ" ಎಂದಳು.

ಮೂಟೆಗಳು ಹತ್ತಿದವು. ಲಾರಿಯ ಹಿಂಬದಿಯಲ್ಲಿ ಒಂದು ಮೂಟೆಯ ಜಾಗ ಖಾಲಿ ಉಳಿಯಿತು. ನನ್ನ ಮುಂದಿದ್ದ ಕೊನೆಯ ಮೂಟೆ ಅರ್ಧವೇ ತುಂಬಿತ್ತು. ಅಂಗಳದಲ್ಲಿ ಒಂದು ಕಾಯಿಯೂ ಇರಲಿಲ್ಲ. ಬೆಂಚಿನ ಮೇಲಿದ್ದವನು ಲೋಟ ಕೆಳಗಿಟ್ಟ.

ಅಮ್ಮ ಮನೆಯೊಳಗೆ ಹೋಗಿ, ಹಿಂದಿನ ವರ್ಷ ನಮ್ಮ ತಲೆ ತೊಳೆಯಲೆಂದು ಮಡಕೆಯಲ್ಲಿ ಎತ್ತಿಟ್ಟಿದ್ದ ಕಾಯಿಯನ್ನು ತಂದು ಸುರಿದಳು. ಅದನ್ನು ನೋಡಿ ಮೇಲ್ಮನೆಯವಳು ಒಂದು ಡಬ್ಬಿ ತಂದಳು. ಗುಡುಗಕ್ಕ ತಂದದ್ದು ಒಂದು ದೊಡ್ಡ ಬುಟ್ಟಿ.

"ಇಷ್ಟೊಂದನ್ನ ಎಲ್ಲಿ ಬಚ್ಚಿಟ್ಟಿದ್ದೆ?" ಎಂದಳು ಅಮ್ಮ, ಕಣ್ಣು ಕಿರಿದು ಮಾಡಿ.

"ನೀನು ಎಲ್ಲಿ ಬಚ್ಚಿಟ್ಟಿದ್ಯೋ ಅಲ್ಲೇ" ಎಂದಳು ಗುಡುಗಕ್ಕ.

ಸಾಬೂನಿನವಳು ಬಂದು ಆ ಮೂಟೆಯೊಳಗೆ ತೋಳು ಮುಳುಗುವಷ್ಟು ಕೈ ಇಳಿಸಿ, ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿದಳು. ತಲೆಯಾಡಿಸಿದಳು. ನಾನು ಮೂಟೆಯ ಬಾಯಿ ಕೂಡಿಸಿ ಹಿಡಿದು, ದಬ್ಬಣ ಚುಚ್ಚಿ, ಹುರಿ ಎಳೆದೆ. ಅತ್ತೆ ಪಕ್ಕದಲ್ಲೇ ನಿಂತು ಒಂದೊಂದು ಹೊಲಿಗೆಯನ್ನೂ ನೋಡುತ್ತಿದ್ದಳು.

"ಗಂಟು ಹಾಕ್ಲಾ?" ಎಂದೆ.

"ಹಾಕು."

ಹಾಕಿದೆ. ಅಮ್ಮ ಮೂಟೆಯ ಒಂದು ಕಿವಿ ಹಿಡಿದಳು, ಅತ್ತೆ ಇನ್ನೊಂದು. ಇಬ್ಬರೂ ಸೇರಿ ಮೂಟೆಯನ್ನು ಮೇಲೆತ್ತಿದರು. ಡ್ರೈವರ್ ಅದನ್ನು ಎಳೆದುಕೊಂಡು ಖಾಲಿ ಜಾಗಕ್ಕೆ ಕೂರಿಸಿ, ಹಿಂಬಾಗಿಲು ಎತ್ತಿ ಚಿಲಕ ಹಾಕಿದ. ಲಾರಿ ತುಂಬಿತ್ತು.